ರಾಕೆಟ್ಟಿನ ಬೊಂಬೆಯ ದೀಪ ಒಂದು ಸಂಜೆ ಆರಿಸಿ

ಮಾನ್ಯ ಬಾಹ್ಯಾಕಾಶ ಇಲಾಖೆಯ ಮುಖ್ಯಸ್ಥರೇ,

ನಮ್ಮ ಬೀದಿಯ ಆಕಾಶವನ್ನು ನಮಗೆ ವಾಪಸ್ ಕೊಡಿ. ನೀವು ಅದನ್ನು ಕಿತ್ತುಕೊಂಡದ್ದು ನಿಮಗೆ ಗೊತ್ತೇ ಇಲ್ಲದಿರಬಹುದು. ಮೇಲೆ ನೋಡುತ್ತಾ ನಡೆಯುವವರಿಗೆ ಕಾಲಡಿ ಏನು ಸಿಕ್ಕಿತೆಂದು ಹೇಗೆ ತಿಳಿಯಬೇಕು? ಹಿಂದಿನ ಉಪಗ್ರಹ ಕಕ್ಷೆ ಸೇರಿದ ಸಂಭ್ರಮಕ್ಕೆ ನಮ್ಮ ಸರ್ಕಲ್ಲಿನಲ್ಲಿ ಐದು ಮಹಡಿ ಎತ್ತರದ ರಾಕೆಟ್ಟಿನ ಬೊಂಬೆ ನಿಲ್ಲಿಸಿದಿರಿ. ಅದು ಹಾರುವುದಿಲ್ಲ, ಯಾರಿಗೂ ತೊಂದರೆ ಕೊಡುವುದಿಲ್ಲ. ಆದರೆ ಅದರ ಸುತ್ತ ಹಾಕಿಸಿದ ಫ್ಲಡ್‌ಲೈಟುಗಳು ಕತ್ತಲಾಗುವ ಮುಂಚೆಯೇ ಹೊತ್ತಿಕೊಂಡು ಬೆಳಗಾದ ಮೇಲೂ ಉರಿಯುತ್ತವೆ. ಬಾಹ್ಯಾಕಾಶದ ಹೆಮ್ಮೆಗಾಗಿ ನಕ್ಷತ್ರಗಳನ್ನೇ ಅಳಿಸಿಹಾಕಿದ ಕೀರ್ತಿ ಬೇರೆ ಯಾವ ಇಲಾಖೆಗಾದರೂ ಇದೆಯೇ?

ನನ್ನನ್ನು ನಿಮ್ಮ ವಿರೋಧಿಗಳ ಸಾಲಿಗೆ ಸೇರಿಸಬೇಡಿ. ನಾನು ಸರ್ಕಲ್ಲಿನ ಮೂಲೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡವಳು. ಅಂಗಡಿಯ ಮೇಲೆಯೇ ಮನೆ, ಮನೆಯ ಮೇಲೆ ತಾರಸಿ, ತಾರಸಿಯಲ್ಲಿ ನಾನೇ ಜೋಡಿಸಿದ ಒಂದು ದೂರದರ್ಶಕ. ವಿರೋಧ ಪಕ್ಷ ಇದ್ದದ್ದು ನಮ್ಮ ಮನೆಯೊಳಗೇ. ನನ್ನ ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು. ಟಿವಿಯಲ್ಲಿ ನಿಮ್ಮ ರಾಕೆಟ್ ಏರಿದಾಗಲೆಲ್ಲ ಅವಳ ಮಾತು ಒಂದೇ: "ಅಷ್ಟೆಲ್ಲಾ ಮೇಲೆ ಸುರಿಯೋರು ನಮ್ಮ ವಾರ್ಡಿಗೆ ಹರಿದಿರದ ನಾಲ್ಕು ಬೆಡ್‌ಶೀಟ್ ಕೊಡಬಾರ್ದಾ?"

ಈ ಪ್ರಶ್ನೆಗೆ ನಿಮ್ಮ ಭಾಷಣಗಳಲ್ಲಿ ಉತ್ತರ ಸಿದ್ಧವಾಗಿದೆ. ಹವಾಮಾನ, ದೂರವಾಣಿ, ಭೂಪಟ. ಸುಳ್ಳೆನ್ನಲಾರೆ. ಆದರೆ ಹರಿದ ಹಾಸಿಗೆ ಬಟ್ಟೆಗೆ ತೇಪೆ ಹಾಕಿ ಬೆರಳು ಸವೆಸಿದವಳ ಮುಂದೆ ಈ ಪಾಠ ಒಪ್ಪಿಸಿ ನೋಡಿ, ಮುಖಕ್ಕೆ ಮಂಗಳಾರತಿಯಾಗುತ್ತದೆ. ನಾನು ಮಾತ್ರ ಇನ್ನೊಂದು ವಾದ ಹೂಡುತ್ತಿದ್ದೆ: "ಅಮ್ಮಾ, ರಾಕೆಟ್ ಹಾರಿಸದ ವರ್ಷ ಬೆಡ್‌ಶೀಟ್ ಬಂತಾ?" ಬಂದಿರಲಿಲ್ಲ. ಅವಳು ಬಾಯಿ ಮುಚ್ಚುತ್ತಿದ್ದಳು, ಮನಸ್ಸು ಬದಲಿಸುತ್ತಿರಲಿಲ್ಲ.

ಆಮೇಲೆ ಅವಳ ಒಂದು ಕಣ್ಣು ಹೋಯಿತು. ಉಳಿದ ಕಣ್ಣಿನ ಮೇಲೆ ನಿಗಾ ಇರಲೆಂದು ನಾನು ಅವಳಿಗೆ ಒಂದು ಕೆಲಸ ಹಚ್ಚಿದೆ. ಚಳಿಗಾಲದಲ್ಲಿ ಕತ್ತಲಾಗುತ್ತಲೇ ತಾರಸಿಗೆ ಬಂದು ಕೃತ್ತಿಕೆಯ ಗೊಂಚಲನ್ನು ನೋಡಬೇಕು. ಚುಕ್ಕಿಗಳು ಬಿಡಿಬಿಡಿಯಾಗಿ ಕಂಡರೆ ಕಣ್ಣು ನೆಟ್ಟಗಿದೆ ಎಂದರ್ಥ. ಮೊದಲು ಗೊಣಗುತ್ತಲೇ ಬಂದಳು. ಒಂದು ಸಂಜೆ ಅದೇ ಗೊಂಚಲನ್ನು ದೂರದರ್ಶಕದಲ್ಲಿ ತೋರಿಸಿದೆ. ತಟಕ್ಕನೆ ತಲೆಯೆತ್ತಿ ಕೊಳವೆಯ ಆ ತುದಿಗೆ ಹೋಗಿ ಕೈಯಾಡಿಸಿದಳು, ನಾನೇನಾದರೂ ಚಿತ್ರ ಅಂಟಿಸಿದ್ದೇನೋ ಎಂದು.

"ಅಲ್ಲಿಗೆ ಹೋಗೋಕೆ ಆಗುತ್ತಾ?" ಎಂದು ಕೇಳಿದಳು.

"ಇಲ್ಲಮ್ಮ, ತುಂಬಾ ದೂರ."

"ಪ್ರಯತ್ನಾನಾದ್ರೂ ಮಾಡ್ತಿದ್ದಾರಾ?"

ಮಾನ್ಯರೇ, ನಿಮ್ಮ ಪ್ರಚಾರ ವಿಭಾಗಕ್ಕೆ ಇಷ್ಟು ವರ್ಷ ದಕ್ಕದ ಬೆಂಬಲಿಗಳೊಬ್ಬಳು ನಿಮಗೆ ದಕ್ಕಿದ್ದು ಆ ಹೊತ್ತಿನಲ್ಲಿ. ಬೆಡ್‌ಶೀಟಿನ ಬೇಡಿಕೆ ಅವಳು ಬಿಟ್ಟಿಲ್ಲ. "ಅದೂ ಬೇಕು, ಇದೂ ಬೇಕು" ಅನ್ನುತ್ತಾಳೆ. ನಿಮ್ಮ ಮಂಡಳಿಯಲ್ಲಿ ಇಷ್ಟು ನೇರವಾಗಿ ಯೋಚಿಸುವವರಿದ್ದಾರೆಯೇ?

ಆಗ ಬಂತು ನಿಮ್ಮ ಬೊಂಬೆ. ನಾನು ಅಂಗಡಿಯ ಗಡಿಬಿಡಿಯಲ್ಲಿದ್ದೆ, ಅಮ್ಮ ಒಬ್ಬಳೇ ತಾರಸಿಗೆ ಹೋಗುತ್ತಿದ್ದಳು. ನನಗೇನೂ ಹೇಳಲಿಲ್ಲ. ಹೊಲಿಗೆ ಯಂತ್ರವನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟಳು. "ಸಾಕಾಯ್ತು ಬಿಡೆ" ಅಂದಳು, ನಾನೂ ನಂಬಿದೆ. ಒಂದು ಮಧ್ಯಾಹ್ನ ಊಟಕ್ಕೆ ಬಂದರೆ, ಅಡುಗೆಮನೆಯಲ್ಲಿ ಕಣ್ಣು ಮುಚ್ಚಿಕೊಂಡು ಡಬ್ಬಿಗಳನ್ನು ಒಂದೊಂದಾಗಿ ತಡವುತ್ತಾ ನಿಂತಿದ್ದಾಳೆ.

"ಏನಮ್ಮಾ ಇದು?"

"ಅಭ್ಯಾಸ ಮಾಡ್ಕೋತಿದೀನಿ ಕಣೆ. ಚುಕ್ಕಿ ಒಂದೂ ಕಾಣ್ತಿಲ್ಲ. ಕಣ್ಣು ಹೋಯ್ತು."

"ಲೈಟು ಹಾಕಿದ್ದಾರಲ್ಲಮ್ಮಾ ಅಲ್ಲಿ!"

"ಬೆಳಕು ಜಾಸ್ತಿ ಆದ್ರೆ ಇನ್ನೂ ಚೆನ್ನಾಗಿ ಕಾಣ್ಬೇಕಲ್ವಾ?"

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಕತ್ತಲಾಗುತ್ತಲೇ ಕೈ ಹಿಡಿದು ಮೇಲೆ ಕರೆದುಕೊಂಡು ಹೋಗಿ, "ನನಗೂ ಒಂದೂ ಕಾಣ್ತಿಲ್ಲ, ನೋಡು" ಎಂದೆ. ಅಮ್ಮ ಬಹಳ ಹೊತ್ತು ನಕ್ಕಳು. ಆಮೇಲೆ ನಿಮ್ಮ ಬೊಂಬೆಯತ್ತ ತಿರುಗಿ ಆಸ್ಪತ್ರೆಯಲ್ಲಿ ಕಲಿತ ಕೆಲವು ಮಾತುಗಳನ್ನಾಡಿದಳು. ಅವನ್ನು ಇಲ್ಲಿ ಬರೆದರೆ ಈ ಪತ್ರ ಪತ್ರಿಕೆಯಲ್ಲಿ ಅಚ್ಚಾಗುವುದಿಲ್ಲ.

ನಿಮ್ಮ ಇಲಾಖೆಗೆ ದೂರು ಕೊಟ್ಟೆ. ಸರ್ಕಲ್ಲಿನ ದೀಪಗಳಿಂದ ಆಕಾಶ ಕಾಣುತ್ತಿಲ್ಲವೆಂದು ಸ್ಪಷ್ಟವಾಗಿ ತಿಳಿಸಿದೆ. ವಾರದೊಳಗೆ ಲೈನ್‌ಮನ್ ಏಣಿ ತಂದು, ನಮ್ಮ ತಾರಸಿಯತ್ತ ಮುಖ ಮಾಡಿ ಇನ್ನೊಂದು ಫ್ಲಡ್‌ಲೈಟ್ ಹಾಕಿದ. ಓಡಿಹೋಗಿ ತಡೆದರೆ ಅವನಿಗೇ ಆಶ್ಚರ್ಯ. "ಅಕ್ಕಾ, ಲೈಟಿನ ಬಗ್ಗೆ ದೂರು ಬಂತು ಅಂದ್ರೆ ಒಂದು ಹಾಕಿ ಬಾ ಅಂತಾರೆ. ತೆಗೆಯೋ ಆರ್ಡರ್ ಯಾವತ್ತೂ ಬಂದಿಲ್ಲ, ಹೇಗೆ ತೆಗೀಲಿ?" ಅವನನ್ನು ಬೈಯಲು ನಾಲಿಗೆ ಬರಲಿಲ್ಲ. ಬೆಳಕು ಹೆಚ್ಚಿದಷ್ಟೂ ಕಾಣುವುದು ಹೆಚ್ಚುತ್ತದೆಂದು ಅಮ್ಮ ನಂಬಿದರೆ ಕ್ಷಮಿಸಬಹುದು. ಗ್ಯಾಲಕ್ಸಿಗಳನ್ನು ಅಳೆಯುವ ಇಲಾಖೆಯೂ ಹಾಗೆಯೇ ನಂಬಿದರೆ?

ಬಾಹ್ಯಾಕಾಶ ಶೋಧನೆಗೆ ಮನುಷ್ಯರು ಖರ್ಚು ಮಾಡಬೇಕೇ ಎಂದು ಯಾರಾದರೂ ಕೇಳಿದರೆ ಈಗಲೂ ಬೇಕು ಎನ್ನುತ್ತೇನೆ. ಆದರೆ ಆಕಾಶ ನೋಡುವ ಸುಖ ನಿಮ್ಮೊಬ್ಬರದೇ ಆಗುವುದಾದರೆ ಖರ್ಚೂ ನಿಮ್ಮೊಬ್ಬರದೇ ಆಗಲಿ. ನಾವು ತೆರಿಗೆ ಕಟ್ಟುವುದು ರಾಕೆಟ್ಟಿಗೆ. ಅದರ ಬೊಂಬೆಗೆ ರಾತ್ರಿಯಿಡೀ ದೀಪ ಉರಿಸಲಿಕ್ಕಲ್ಲ.

ಈ ನಡುವೆ ಅಮ್ಮನ ಉಳಿದ ಕಣ್ಣಿಗೂ ಮೊದಲಿನ ಕಣ್ಣಿನ ಕಾಯಿಲೆಯೇ ಬಂದಿದೆ, ಬರುವ ಸೋಮವಾರ ಆಪರೇಷನ್. ಮಾಡಿಸದಿದ್ದರೆ ಕಣ್ಣು ಉಳಿಯುವುದಿಲ್ಲ, ಮಾಡಿಸಿದರೂ ಭರವಸೆ ಕೊಡಲಾರೆ ಎಂದಿದ್ದಾರೆ ಡಾಕ್ಟರು. ಹಾಗಾಗಿ ನನ್ನ ಬೇಡಿಕೆ ಇಷ್ಟೇ: ಭಾನುವಾರ ಕತ್ತಲಾದ ಮೇಲೆ ಒಂದು ಗಂಟೆ ಆ ದೀಪಗಳನ್ನು ಆರಿಸಿ. ಇದಕ್ಕೆ ಅನುದಾನ ಬೇಡ, ಟೆಂಡರ್ ಬೇಡ, ಉಡಾವಣೆಯ ಮುಹೂರ್ತವೂ ಬೇಡ. ಒಂದು ಸ್ವಿಚ್ಚು ಸಾಕು. ನೀವು ಆರಿಸಿದರೂ ಬಿಟ್ಟರೂ ಅಮ್ಮ ಅಂದು ತಾರಸಿಯಲ್ಲಿ ಕೂರುತ್ತಾಳೆ. ಏನೂ ಕಾಣದಿದ್ದರೆ, ದೋಷ ನಿನ್ನ ಕಣ್ಣಿನದಲ್ಲ ಎಂದು ನಾನು ಹೇಳುತ್ತೇನೆ. ಸೋಮವಾರದ ನಂತರ ಆ ಮಾತು ನಿಜವಾಗಿ ಉಳಿಯುತ್ತದೋ ಇಲ್ಲವೋ, ಯಾರೂ ಹೇಳುತ್ತಿಲ್ಲ.

ಇಂತಿ,
ದಿನವಿಡೀ ಊರಿಗೆಲ್ಲ ಕಣ್ಣು ಕಾಣಿಸುವಂತೆ ಮಾಡಿ, ಸ್ವಂತ ಅಮ್ಮನಿಗೆ ಒಂದು ಚುಕ್ಕಿ ತೋರಿಸಲಾಗದ
ಸರ್ಕಲ್ಲಿನ ಕನ್ನಡಕದಂಗಡಿಯವಳು