ಇನ್ನೂ ತಂಪಾದ ಕೋಣೆ

ಭೀಮಾ ತೀರ
ಇಸವಿ ೨೧೯೧, ಎರಡನೇ ಬೇಸಿಗೆಯ ನಲವತ್ತೊಂದನೇ ದಿನ

ಹಿಂದಿನ ಕಾಲದ ಹಿರಿಯರಿಗೆ ನಮಸ್ಕಾರ.

ವರ್ಷಕ್ಕೆ ಬೇಸಿಗೆ ಎರಡು ಹೇಗಾಯಿತು ಎಂದು ನೀವು ನಮ್ಮನ್ನು ಕೇಳಬೇಡಿ. ಅದನ್ನು ನಾವು ನಿಮ್ಮನ್ನು ಕೇಳಬೇಕು. ನಮ್ಮ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕಂಡೀತು, ಕ್ಷಮಿಸಿ. ತೀರ ಎಂದು ಬರೆದದ್ದು ಅಭ್ಯಾಸಬಲ. ಹೊಳೆ ಈಗ ರಸ್ತೆ. ಬೆಳಿಗ್ಗೆ ಎಂಟರೊಳಗೆ ಶಾಲೆ, ಸಂತೆ, ಮದುವೆ ಎಲ್ಲ ಮುಗಿಸಿ ಕದ ಹಾಕಿಕೊಳ್ಳುತ್ತೇವೆ.

ನನ್ನ ಹುದ್ದೆಯ ಹೆಸರು ಹೆಬ್ಬೆಟ್ಟುಗಾರ. ನಮ್ಮ ಆಸ್ಪತ್ರೆಯಲ್ಲಿ ತಣ್ಣನೆ ವಾರ್ಡು ಒಂದೇ, ಅದರಲ್ಲಿ ನಲವತ್ತು ಮಂಚ. ನಲವತ್ತೊಂದನೆಯವರು ಬಂದರೆ ತಕ್ಕಡಿ ಎಂಬ ಯಂತ್ರ ಎಲ್ಲರ ವಯಸ್ಸು, ಜ್ವರ, ಉಸಿರು ತೂಗಿ ಒಬ್ಬರ ಹೆಸರು ತೋರಿಸುತ್ತದೆ. ಅವರು ಹಿತ್ತಲಿನ ತಗಡಿನ ಶೆಡ್ಡಿಗೆ ಹೋಗಬೇಕು. ಅಲ್ಲಿಂದ ಯಾರೂ ವಾಪಸು ಬಂದಿಲ್ಲ. ಬಿಸಿಲು ಬಡಿದರೆ ಬೆಡ್ಡು, ಬೆಡ್ಡು ತಪ್ಪಿದರೆ ಶೆಡ್ಡು ಎಂದು ನಾವು ನೌಕರರು ಹಾಡಿಕೊಳ್ಳುತ್ತೇವೆ, ನಗುವುದಕ್ಕೆ ಬೇರೇನಿದೆ? ಯಂತ್ರ ಮನುಷ್ಯನನ್ನು ಕೊಲ್ಲಬಾರದೆಂದು ಕಾನೂನಿದೆ. ಅದಕ್ಕೆ ಕೊನೆಯಲ್ಲಿ ಒಬ್ಬ ಮನುಷ್ಯ ಹೆಬ್ಬೆಟ್ಟು ಒತ್ತಬೇಕು. ತೂಕ ಅದರದು, ಪಾತಕ ನಮ್ಮದು. ಕಾನೂನು ಬರೆದವರು ನಿಮ್ಮ ಮೊಮ್ಮಕ್ಕಳು, ಬಹಳ ಬುದ್ಧಿವಂತರು.

ಒತ್ತುವ ಮುಂಚೆ ಆ ಮಂಚದ ಪಕ್ಕ ಕೂತು ಇದ್ದದ್ದು ಇದ್ದ ಹಾಗೆ ಹೇಳಬೇಕು, ಮನೆಯವರನ್ನು ಒಳಗೆ ಕರೆಸಬೇಕು. ಇದು ಹಳೆಯ ಹೆಬ್ಬೆಟ್ಟುಗಾರರು ಹಾಕಿಕೊಟ್ಟ ಪದ್ಧತಿ. ಮುಖ ಕೊಡುವುದು ಎನ್ನುತ್ತೇವೆ. ಅಳು ಕೇಳಬೇಕು, ಶಾಪ ಹಾಕಿಸಿಕೊಳ್ಳಬೇಕು.

ನಾಲ್ಕು ವರ್ಷದ ಹಿಂದೆ ಒಂದೇ ಬೆಳಿಗ್ಗೆ ಹನ್ನೊಂದು ಹೆಸರು ಬಂದವು. ಏಳು ಜನಕ್ಕೆ ಮುಖ ಕೊಟ್ಟೆ. ಎಂಟನೆಯವಳು ಚಂದವ್ವ, ರೊಟ್ಟಿ ಬಡಿದು ಮಾರುತ್ತಿದ್ದ ಮುದುಕಿ. ನನ್ನಲ್ಲಿ ಶಕ್ತಿ ಉಳಿದಿರಲಿಲ್ಲ. ಇನ್ನೂ ತಂಪಾದ ಕೋಣೆಗೆ ಕರೆದೊಯ್ಯುತ್ತೇವೆ ಎಂದುಬಿಟ್ಟೆ. ಅವಳು ತಾನೇ ಎದ್ದು ಕೂತು, ಮುಂದೆ ಬರುವವರಿಗೆಂದು ಹಾಸಿಗೆ ಕೊಡವಿದಳು.

"ನಿನ್ನ ಹೊಟ್ಟಿ ತಣ್ಣಗಿರಲಿ, ತಮ್ಮಾ," ಎಂದಳು.

ನಾನು ಒತ್ತಿದೆ. ಅವಳ ಮಗಳು ನೀಲಾಂಬಿಕೆ ಗೇಟಿನ ಹೊರಗೇ ಕಾಯುತ್ತಿದ್ದಳು. ಕರೆಸಲಿಲ್ಲ. ಸಂಜೆ ಹೋಗಿ, ನಿಮ್ಮವ್ವ ತಣ್ಣನೆ ವಾರ್ಡಿನಲ್ಲೇ ನಿದ್ದೆಯಲ್ಲಿ ಹೋದಳು ಎಂದು ಹೇಳಿದೆ.

ಅಂದಿನಿಂದ ಮನೆಯಲ್ಲಿ ಯಾರಾದರೂ ಹೆಸರು ಹಿಡಿದು ಕೂಗಿದರೆ ಬೆಚ್ಚುತ್ತೇನೆ. ಊಟದ ನಡುವೆ ಕೈ ತೊಳೆದು ಎದ್ದುಬಿಡುತ್ತೇನೆ. ಆಸ್ಪತ್ರೆಯವರು ಮನಸ್ಸಿನ ಡಾಕ್ಟರ್ ಫರೀದಾ ಮೇಡಂ ಹತ್ತಿರ ಕಳಿಸಿದರು. ಒಳ್ಳೆಯವರು. ದಣಿವು ಎಂದು ಚೀಟಿ ಬರೆದು, ಹದಿನೈದು ದಿನ ರಜೆ ಕೊಡಿಸಿ, ಉಸಿರಾಟ ಹೇಳಿಕೊಟ್ಟರು. ಮೂಗಿನಿಂದ ಒಳಗೆ, ಬಾಯಿಯಿಂದ ಹೊರಗೆ. ಚಂದವ್ವ ಮಾತ್ರ ಒಳಗೇ. ನಿಮ್ಮದೇನೂ ತಪ್ಪಿಲ್ಲ ಎಂದು ಅವರು ಮೂರನೇ ಸಲ ಹೇಳಿದಾಗ ತಡೆಯಲಾಗಲಿಲ್ಲ.

"ಇದೆ ಮೇಡಂ. ಒತ್ತಿಸಿದ್ದು ಕಾನೂನು. ಸುಳ್ಳು ಹೇಳಿದ್ದು ನಾನು."

ಅವರು ಪೆನ್ನು ಕೆಳಗಿಟ್ಟರು. ಚೀಟಿಯಲ್ಲಿ ಅದನ್ನು ಬರೆಯಲು ಜಾಗವಿಲ್ಲ ಎಂದರು.

ನೀಲಾಂಬಿಕೆ ಪ್ರತಿ ವರ್ಷ ತಾಯಿ ತೀರಿದ ದಿನ ನಮ್ಮ ವಾರ್ಡಿನವರಿಗೆಲ್ಲ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ತರುತ್ತಾಳೆ. ಅಣ್ಣಾ, ನೀ ಇದ್ದಿದ್ದಕ್ಕ ನಮ್ಮವ್ವ ಸುಖದಿಂದ ಹೋದಳು ಎನ್ನುತ್ತಾಳೆ. ಮೂರು ವರ್ಷ ತಿಂದೆ. ನಾಳೆ ಮತ್ತೆ ಆ ದಿನ. ನಿಜ ಹೇಳಿದರೆ ನೌಕರಿ ಹೋಗುತ್ತದೆ ಎಂದು ಮೇಲಿನವರು ಎಚ್ಚರಿಸಿದ್ದಾರೆ.

ನಿಮ್ಮಲ್ಲೂ ನರ್ಸುಗಳು, ಪೊಲೀಸರು, ಆಂಬುಲೆನ್ಸ್ ಓಡಿಸುವವರು ಇದ್ದಾರಂತೆ. ಅವರಲ್ಲಿ ಯಾರಾದರೂ ತಾನು ತಪ್ಪು ಮಾಡಿದೆ ಎಂದು ಹೇಳಿಕೊಂಡರೆ, ದಯವಿಟ್ಟು ಲಿಂಬು ಪಾನಕ ಕುಡಿಸಿ ಮಲಗಿಸಬೇಡಿ. ಏನು ತಪ್ಪು, ಯಾರಿಗೆ ಎಂದು ಕೇಳಿ. ಆ ಜಾಗದಲ್ಲಿ ಅವರನ್ನು ನಿಲ್ಲಿಸಿದವರು ಯಾರು ಎಂದೂ ಕೇಳಿ. ಬರೀ ಸಮಾಧಾನ ಮಾಡುವವರು ನಮ್ಮ ಬಾಯಿಯನ್ನೇ ಮುಚ್ಚುತ್ತಾರೆ.

ನಾಳೆ ನೀಲಾಂಬಿಕೆ ರೊಟ್ಟಿಯ ಗಂಟು ಬಿಚ್ಚುವ ಮೊದಲೇ ಹೇಳಿಬಿಡುತ್ತೇನೆ. ಅವಳಿಗೆ ನಿಜ ತಿಳಿಯಬೇಕು, ಆಮೇಲೆ ಉಗಿಯುತ್ತಾಳೋ, ಹೊಡೆಯುತ್ತಾಳೋ, ಅವಳಿಷ್ಟ. ಕ್ಷಮಿಸುವುದಿಲ್ಲ ಎಂದು ಅವಳು ಅಂದರೆ, ತಪ್ಪು ನನ್ನದು ಎಂಬ ನನ್ನ ಮಾತನ್ನು ನಂಬಿದ ಮೊದಲನೆಯವಳು ಅವಳೇ ಆಗುತ್ತಾಳೆ.

ಇನ್ನೂ ಹುಟ್ಟದ ನಿಮ್ಮವನು,
ಬಸಲಿಂಗ ತೆಗ್ಗಿನಮನಿ