ಸಂದಿಯ ಪೊಟ್ಟಣಕ್ಕೆ ನಿಮಗೊಂದು ಆಹ್ವಾನ

ಫೆಬ್ರವರಿ 30, 2174
ತಂಪೋಣಿ ಏಳು, ಕಲಬುರಗಿ ಕೆಳಪೇಟೆ

ಮಾನ್ಯ ಸೃಜನ್ ಅರಕೇರಿ ಅವರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ. ಮೇ ತಿಂಗಳನ್ನು ಯಾರೂ ತಾಳಲಾರದೆ ಹೋದಾಗ ಅದರಿಂದ ಒಂದಷ್ಟು ದಿನ ಕಿತ್ತು ತಂಪಿನ ತಿಂಗಳುಗಳಿಗೆ ಹಂಚಿದರಂತೆ. ಬಿಸಿಲೇನೂ ಅದಕ್ಕೆ ಹೆದರಿ ಕಡಿಮೆಯಾಗಲಿಲ್ಲ. ನನ್ನ ಮಾತಿನಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ಬಂದರೆ ಕ್ಷಮೆ ಇರಲಿ. ಈ ಪತ್ರದಲ್ಲಿ ನಾನು ಕೇಳುವ ಕ್ಷಮೆ ಅದೊಂದೇ.

ನಾನು ಬನಶ್ರೀ. ಕಾಲೇಜು ಓದಿದವಳು, ಪೊಟ್ಟಣಗಾರ್ತಿಯ ಕೆಲಸ ಮಾಡುವವಳು, ಎಂಟು ತಿಂಗಳ ಮುಗಿಲಿಯ ತಾಯಿ. ನೀವು ಬಿಡ್ ಪ್ಯಾಕೇಜ್ ಎನ್ನುತ್ತಿದ್ದದ್ದೇ ನಮ್ಮ ಪೊಟ್ಟಣ. ದೊಡ್ಡ ಕಟ್ಟಡದ ಕೆಲಸವನ್ನು ಗೋಡೆ, ಛಾವಣಿ, ಕೊಳಾಯಿ ಎಂದು ತುಂಡು ಮಾಡಿ, ಪ್ರತಿ ತುಂಡಿಗೂ ಏನು ಸೇರಿದೆ, ಏನು ಸೇರಿಲ್ಲ ಎಂದು ಬರೆದು, ದರ ಹೇಳಿರೆಂದು ಗುತ್ತಿಗೆದಾರರನ್ನು ಕರೆಯುವ ಕೆಲಸ. ನಿಮ್ಮ ಕಾಲದ ಆ ಪ್ರಾಜೆಕ್ಟ್ ಸಾಫ್ಟ್‌ವೇರ್ ಇನ್ನೂ ಬದುಕಿದೆ. ಆರಿಸಿದರೆ ಏನೇನು ಆರುತ್ತದೋ ಎಂಬ ಭಯಕ್ಕೆ ಯಾರೂ ಅದನ್ನು ಮುಟ್ಟಿಲ್ಲ. ನೀವು ಅದರ ಎಪಿಐಗೆ, ಅಂದರೆ ಹೊರಗಿನವರ ಆಜ್ಞೆ ಕೇಳುವ ಅದರ ಕಿಂಡಿಗೆ, ಪ್ರೋಗ್ರಾಮ್ ಬರೆದು ಆಜ್ಞೆ ಕಳಿಸುತ್ತಿದ್ದಂತೆಯೇ ನಾನೂ ಕಳಿಸುತ್ತೇನೆ. ಅದೂ ಮುದುಕನಂತೆ ಒಂದಷ್ಟು ಹೊತ್ತು ಯೋಚಿಸಿ, ಆಯಿತು ಅಥವಾ ಆಗಲಿಲ್ಲ ಎನ್ನುತ್ತದೆ.

ನೀವು ಕಾರು ನಿಲ್ಲಿಸಲೆಂದೂ ಅಂಗಡಿಗಳಿಗೆಂದೂ ನೆಲದಡಿ ಕಟ್ಟಿಸಿದ ಮಾರುಕಟ್ಟೆಯಲ್ಲಿ ನಾವು ಸಂಸಾರ ಮಾಡುತ್ತಿದ್ದೇವೆ. ಮೇಲೆ ಹಗಲು ಯಾರೂ ನಿಲ್ಲಲಾರರು. ಅದಕ್ಕೇ ಹಗಲು ಮಲಗುತ್ತೇವೆ, ಕತ್ತಲಾದ ಮೇಲೆ ದುಡಿಯುತ್ತೇವೆ. ಕಾರಿನ ಸಾಲುಗಳೇ ಓಣಿಗಳಾಗಿವೆ, ಇವಕ್ಕೆ ತಂಪೋಣಿ ಎನ್ನುತ್ತೇವೆ. ಕಂಬಗಳ ಮೇಲಿನ ನಿಮ್ಮ ಹಳದಿ ಅಂಕಿಗಳು ಈಗ ನಮ್ಮ ಮನೆ ನಂಬರು. ಅಡಿಗೆಗೆ ಒಲೆ ಹಚ್ಚುವಂತಿಲ್ಲ, ಮೇಲಿನ ಬಿಸಿಲಿನಲ್ಲಿ ಬೆಂದ ಜೋಳದ ಕಡುಬು ಬುಟ್ಟಿಯಲ್ಲಿ ಕೆಳಗಿಳಿಯುತ್ತದೆ. ಮಕ್ಕಳು ಆಕಾಶ ನೋಡುವುದು ಅಮಾವಾಸ್ಯೆ ಹುಣ್ಣಿಮೆಗೆ, ಸಾಲುಗಟ್ಟಿ ಮೆಟ್ಟಿಲು ಹತ್ತಿ. ಮಗಳಿಗೆ ಮುಗಿಲಿ ಎಂದು ಹೆಸರಿಟ್ಟದ್ದು ಆ ಆಸೆಗೇ. ಇಷ್ಟರಲ್ಲೂ ಸುಖವಾಗಿ ಇರಬಹುದಿತ್ತು ಸ್ವಾಮೀ. ಉಳಿದ ಓಣಿಗಳವರು ಹಾಗೆಯೇ ಇದ್ದಾರೆ.

ಮಾರುಕಟ್ಟೆಯ ಅಂಚಿಗಿರುವ ನಮ್ಮ ಓಣಿಯ ಹೊರಗೋಡೆಗೂ ಛಾವಣಿಗೂ ನಡುವೆ, ಈ ತುದಿಯಿಂದ ಆ ತುದಿಗೆ, ಮುಚ್ಚದ ಒಂದು ಸಂದಿ ಇದೆ. ನೆತ್ತಿಯ ಮೇಲೆ ಬಿಸಿಲೇರಿದಾಗ ಛಾವಣಿ ಹಿಗ್ಗಿ ಮೇಲಕ್ಕೆ ಬಾಗಿ ಆ ಸಂದಿ ಬಾಯಿ ತೆರೆಯುತ್ತದೆ. ಕುದಿಯುವ ಗಾಳಿಯ ಜೊತೆ ಹಿಟ್ಟಿನಂಥ ಧೂಳು ತೊಟ್ಟಿಲಿನೊಳಗೆ ಸುರಿಯುತ್ತದೆ. ಎಲ್ಲರೂ ಮಲಗಿರುವ ಹೊತ್ತು ನಾನು ಒದ್ದೆ ಕೌದಿಯನ್ನು ಎರಡೂ ಕೈಯಲ್ಲಿ ಸಂದಿಗೆ ಒತ್ತಿ ಹಿಡಿದು ನಿಂತಿರುತ್ತೇನೆ. ಕೌದಿ ಒಣಗುತ್ತದೆ, ಅದ್ದುತ್ತೇನೆ, ಅದ್ದಿ ಬರುವಷ್ಟರಲ್ಲಿ ಮಗು ಕೆಮ್ಮುತ್ತದೆ. ನಿದ್ದೆ ಎಂಬುದು ಹೇಗಿತ್ತೆಂದು ನನಗೆ ಮರೆತೇ ಹೋಗಿದೆ. ಮಗುವಿನ ಎದೆಗೆ ಯಂತ್ರ ಇಟ್ಟು ಕೇಳಿದ ಡಾಕ್ಟರು, "ಈ ಬ್ಯಾಸಗಿ ಹ್ಯಾಂಗರ ದಾಟಿಸು ತಂಗಿ, ಮುಂದಿನದು ಈ ಎದಿ ತಡಕೊಳ್ಳಂಗಿಲ್ಲ" ಎಂದರು.

ಈ ಸಂದಿ ಯಾರ ಪಾಲಿಗಿತ್ತೆಂದು ಹುಡುಕಿದವಳು ನಾನೇ. ಸಾಫ್ಟ್‌ವೇರು ತನಗೆ ಬಂದ ಒಂದು ಆಜ್ಞೆಯನ್ನೂ ಮರೆತಿಲ್ಲ. ನೀವು ಹಳೆಯದೊಂದು ಆಸ್ಪತ್ರೆ ಕೆಲಸದ ಪ್ಯಾಕೇಜುಗಳನ್ನು ಎತ್ತಿ ನಮ್ಮ ಮಾರುಕಟ್ಟೆಗೆ ಅಂಟಿಸಿದಿರಿ. ಅಲ್ಲಿ ಸಂದಿಗೆಂದೇ ಬೇರೆ ಪ್ಯಾಕೇಜ್ ಇತ್ತು. ಹಾಗಾಗಿ ಗೋಡೆಯವರ ಕಾಗದದಲ್ಲಿ ಸಂದಿ ಸೇರಿಲ್ಲ, ಅದು ಬೇರೆಯವರ ಕೆಲಸ ಎಂದಿತ್ತು. ಛಾವಣಿಯವರ ಕಾಗದದಲ್ಲೂ ಹಾಗೆಯೇ ಇತ್ತು. ತಪ್ಪಲ್ಲ, ಆ ಬೇರೆಯವರು ಇದ್ದಿದ್ದರೆ. ಆದರೆ ಸಂದಿಯ ಪ್ಯಾಕೇಜಿಗೆ ದರ ಹೇಳಲು ಕಡೆಯ ದಿನ ಯಾವುದೆಂದು ನಿಮ್ಮ ಸಾಹೇಬರು ಹೇಳಿರಲಿಲ್ಲ, ನೀವು ದಿನಾಂಕದ ಖಾನೆ ಖಾಲಿ ಬಿಟ್ಟಿರಿ. ಖಾಲಿ ದಿನಾಂಕವನ್ನು ಸಾಫ್ಟ್‌ವೇರು ಒಪ್ಪುವುದಿಲ್ಲ. ಅದು ಆಗಲಿಲ್ಲ ಎಂದು ಉತ್ತರ ಕೊಟ್ಟಿತು. ತಪ್ಪು ಬಂದರೆ ಬಿಟ್ಟು ಮುಂದಕ್ಕೆ ಹೋಗು ಎಂದು ನೀವು ನಿಮ್ಮ ಪ್ರೋಗ್ರಾಮಿಗೆ ಕಲಿಸಿದ್ದಿರಿ. ಅದು ವಿಧೇಯವಾಗಿ ಬಿಟ್ಟಿತು, ಮುಂದಕ್ಕೆ ಹೋಯಿತು, ಕೊನೆಗೆ ಎಲ್ಲ ಮುಗಿಯಿತು ಎಂದು ತೋರಿಸಿತು. ಹುಟ್ಟದ ಪ್ಯಾಕೇಜಿಗೆ ಯಾರನ್ನೂ ಕರೆಯಲಿಲ್ಲ, ಯಾರೂ ಬರಲಿಲ್ಲ. ಗೋಡೆಯವರು ಗೋಡೆ ಕಟ್ಟಿ ಹೋದರು, ಛಾವಣಿಯವರು ಛಾವಣಿ ಹಾಕಿ ಹೋದರು. ಇಬ್ಬರೂ ಪ್ರಾಮಾಣಿಕರೇ.

ಇದು ತಿಳಿದ ದಿನ ನಾನು ಮಾಡಿದ ಮೊದಲ ಕೆಲಸ, ಅತ್ತೆಗೆ ನಿಮ್ಮ ಹೆಸರು ಹೇಳಿದ್ದು. ನಮ್ಮತ್ತೆ ಶಾಂತವ್ವನಿಗೆ ಒಂದು ಮಾತು ಹೇಳಿದರೆ ಓಣಿಗೆ ಡಂಗುರ ಹೊಡೆಸುವ ಖರ್ಚು ಉಳಿಯುತ್ತದೆ. "ಯಾವಾಂವ ಅವ? ಅರಕೇರಿನಾ? ಅವನ ಹೆಸರಿಗಿ ಧೂಳ ಬಡಿಲಿ" ಎಂದರು. ಬಡಿಯಿತು ಕೂಡ. ಈಗ ಈ ಧೂಳಿಗೆ ನಿಮ್ಮದೇ ಹೆಸರು. ಸಂದಿ ಬಾಯಿ ಬಿಟ್ಟರೆ "ಅರಕೇರಿ ಬಂತು, ಮಾರಿ ಮುಚ್ಚರಿ" ಎಂದು ಕೂಗುತ್ತಾರೆ. ಕೆಮ್ಮುವ ಮಗುವನ್ನು ಎತ್ತಿಕೊಂಡು "ಕೂಸಿಗಿ ಅರಕೇರಿ ಹತ್ತ್ಯಾದ" ಎನ್ನುತ್ತಾರೆ. ಕಸ ಗುಡಿಸುವಾಗ, ಉಗುಳುವಾಗ ನಿಮ್ಮ ನೆನಪಾಗುತ್ತದೆ. ಸಣ್ಣ ಮಕ್ಕಳಿಗೆ ಅದು ಒಬ್ಬ ಮನುಷ್ಯನ ಹೆಸರೆಂದೇ ಗೊತ್ತಿಲ್ಲ. ಇದನ್ನು ಬರೆಯುವಾಗ ನನಗೆ ಸಂತೋಷವಾಗುತ್ತಿದೆ, ಮುಚ್ಚಿಡುವುದಿಲ್ಲ.

"ನೀವೇ ಏಕೆ ರಿಪೇರಿ ಮಾಡಿಕೊಳ್ಳಬಾರದು?" ಎನ್ನುತ್ತೀರಿ. ಒಳಗಿನಿಂದ ಮೆತ್ತಿದ್ದು ಛಾವಣಿ ಹಿಗ್ಗಿದೊಡನೆ ಉದುರುತ್ತದೆ. ಮೇಲೆ ಹೋಗಿ ಅಗೆಯಬೇಕು, ಸಂದಿ ತೆರೆದಿರುವ ಹಗಲಿನಲ್ಲೇ ತುಂಬಬೇಕು. ನಾನೇ ಪೊಟ್ಟಣ ಕಟ್ಟಿ ಕರೆದೆ, ಮತ್ತೆ ಕರೆದೆ. ಬಂದವರು ಗುತ್ತಿಗೆದಾರ ದಸ್ತಗೀರ ಕಾಕಾ ಒಬ್ಬರೇ, ಅವರೂ ಆಗದೆಂದು ಹೇಳಿಹೋಗಲು ಬಂದವರು. "ಹಗಲಿನ್ಯಾಗ ಮ್ಯಾಲ ನಿಂತು ಸಂದಿ ತುಂಬಲಾಕ ನನಗೇನ್ ಎರಡು ಜೀವ ಅವ ಏನ್ ತಂಗಿ? ಛತ್ತ ಹಾಕೂಕಿಂತ ಮೊದಲೇ ಮಾಡೂ ಕೆಲಸ ಅದು. ಆಗಿದ್ದವರಿಗಿ ಕೇಳು ಹೋಗು" ಎಂದು ನಕ್ಕರು.

ಕಾಕಾ ಚೇಷ್ಟೆಗೆ ಅಂದದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಿದ್ದೆಗೆಟ್ಟ ತಲೆ ನೋಡಿ, ಹಿಡಿದದ್ದನ್ನು ಬಿಡುವುದಿಲ್ಲ. ಕೌದಿ ಒತ್ತಿ ಹಿಡಿದು ನಿಂತಲ್ಲೇ ಹೊಳೆಯಿತು: ಈ ಸಾಫ್ಟ್‌ವೇರು ಖಾಲಿ ದಿನಾಂಕವನ್ನು ತಿರಸ್ಕರಿಸುತ್ತದೆ, ಆದರೆ ಕೊಟ್ಟ ದಿನಾಂಕ ಕಳೆದುಹೋಗಿದೆಯೇ ಎಂದು ನೋಡುವುದೇ ಇಲ್ಲ. ನೀವು ಛಾವಣಿ ಹಾಕಿಸುವ ಮುಂಚಿನ ತಾರೀಖು ಹಾಕಿ, ಸಂದಿಯ ಪೊಟ್ಟಣ ಕಟ್ಟಿ, ಆಹ್ವಾನಿತರಲ್ಲಿ ನಿಮ್ಮ ಹೆಸರು ಸೇರಿಸಿ ಕಳಿಸಿದೆ. ಮುದುಕ ಯೋಚಿಸಿದ. ಆಯಿತು ಎಂದ. ನಾನು ತೊಟ್ಟಿಲು ಹಿಡಿದು ಕೂತೆ.

ನಿಮ್ಮ ಕಾಲದಲ್ಲಿ, ಛಾವಣಿ ಹಾಕುವ ಮುಂಚೆ, ನಿಮ್ಮ ಫೋನಿನಲ್ಲಿ ನೀವೀಗ ಓದುತ್ತಿರುವುದು ಆ ಆಹ್ವಾನದ ಜೊತೆಗೆ ಲಗತ್ತಿಸಿದ ಪತ್ರ. ಕೆಳಗೆ ಒಪ್ಪಿದೆ, ಒಲ್ಲೆ ಎಂದು ಎರಡು ಗುಂಡಿಗಳಿವೆ. ಒಲ್ಲೆ ಎಂದರೆ ಮತ್ತೆ ಬರುತ್ತದೆ. ಅಳಿಸಿದರೆ ಬರುತ್ತದೆ, ಫೋನು ಬದಲಿಸಿದರೂ ಬರುತ್ತದೆ. ತಪ್ಪು ಬಂದರೆ ಬಿಟ್ಟು ಹೋಗಬೇಡ, ಮತ್ತೆ ಕಳಿಸು ಎಂದು ನಾನು ನನ್ನ ಪ್ರೋಗ್ರಾಮಿಗೆ ಕಲಿಸಿದ್ದೇನೆ. ನನ್ನ ಮಗಳು ಕೆಮ್ಮಿದಾಗಲೆಲ್ಲ ನಿಮ್ಮ ಫೋನು ಕೂಗುತ್ತದೆ, ಹಾಗೆಯೇ ಜೋಡಿಸಿದ್ದೇನೆ. ನಮ್ಮ ಹಗಲು ನಿಮ್ಮಲ್ಲಿ ಯಾವ ಹೊತ್ತಿಗೆ ಬೀಳುತ್ತದೋ ನನಗೆ ತಿಳಿಯದು. ನೀವು ಮಲಗಿದ ಹೊತ್ತಿಗೆ ಬೀಳಲಿ.

ಇನ್ನೊಂದು ಮಾತು ಬರೆಯಬಾರದೆಂದಿದ್ದೆ. ಖಾಲಿ ಬಿಟ್ಟ ದಿನಾಂಕದ ಸಾಲಿನ ಪಕ್ಕದಲ್ಲಿ ನಿಮಗೆ ನೀವೇ ಬರೆದುಕೊಂಡದ್ದನ್ನು ಓದಿದ್ದೇನೆ: ಪುಟ್ಟಿಗೆ ಜ್ವರ, ನಾಳೆ ನೋಡುವೆ. ಆ ಸಂಜೆ ನೀವು ಎದ್ದು ಓಡಿದಿರಿ. ನಾನಾಗಿದ್ದರೂ ಓಡುತ್ತಿದ್ದೆ. ಇದರಿಂದ ನನ್ನ ಸಿಟ್ಟು ಇಳಿಯಬೇಕಿತ್ತು, ಏರಿತು. ಮಗುವಿನ ಹಣೆ ಸುಡುವುದೆಂದರೆ ಏನೆಂದು ಗೊತ್ತಿದ್ದವರು ನೀವು. ಮರುದಿನ ಜ್ವರ ಇಳಿದಿರಬೇಕು. ಮರುದಿನ ನೀವು ನೋಡಲಿಲ್ಲ.

ಈಗ ನೋಡಿ. ಒಪ್ಪಿ ಆ ಸಂದಿಯನ್ನು ಮುಚ್ಚಿಸಿದ ಗಳಿಗೆ ಈ ಪತ್ರ ಬರೆದ ಬನಶ್ರೀ ಇರುವುದಿಲ್ಲ. ತಂಪೋಣಿ ಏಳರಲ್ಲಿ, ನಡುಹಗಲಿನಲ್ಲಿ, ಮಗಳ ಪಕ್ಕ ಬಾಯಿ ತೆರೆದು ಗೊರಕೆ ಹೊಡೆಯುವ ಬೇರೊಬ್ಬ ಬನಶ್ರೀ ಇರುತ್ತಾಳೆ. ಅವಳಿಗೆ ನಿಮ್ಮ ಹೆಸರೂ ಗೊತ್ತಿರುವುದಿಲ್ಲ. ಅರಕೇರಿ ಎಂದರೆ ಅವಳಿಗೆ ಬರೀ ಒಂದು ಊರು. ನಾನು ಬಯಸುವ ಸೇಡು ಅದೇ. ಅದು ಸಿಗುವವರೆಗೆ ಫೋನು ಕೂಗಿಸುವ ಈ ಇನ್ನೊಂದು ಸೇಡು ನಡೆಯುತ್ತಿರುತ್ತದೆ.

ಕಡೆಯ ದಿನ ಖಾಲಿ ಬಿಟ್ಟಿಲ್ಲ. ಆಹ್ವಾನದಲ್ಲೇ ಬರೆದಿದೆ, ನೋಡಿಕೊಳ್ಳಿ.

ಮುಗಿಲಿ ಏಳುತ್ತಿದ್ದಾಳೆ. ಕೆಮ್ಮು ಬರುವ ಮೊದಲು ಅವಳು ತುಟಿ ಬಿಗಿಯುತ್ತಾಳೆ, ಈಗ ಬಿಗಿದಳು. ಫೋನು ಕೈಯಲ್ಲಿ ಹಿಡಿದುಕೊಳ್ಳಿ.

ಬನಶ್ರೀ