ಕ್ಯಾಸೆಟ್ಟಿನಲ್ಲಿದ್ದ ಸ್ವರ

ಅಮ್ಮ,

ಯುದ್ಧದಲ್ಲಿ ಈ ಕೊಲ್ಲಿ ದೇಶದಲ್ಲಿ ಫೋನೂ ಅಂಚೆಯೂ ನಿಂತುಹೋಗಿದ್ದಾಗ ನೀನು ತೀರಿಕೊಂಡೆ. ಮಂಗಫ್‌ನ ನನ್ನ ಮನೆ ಲೂಟಿಯಾಯಿತು. ನೀನು ಮಾತಾಡಿ ಕಳಿಸುತ್ತಿದ್ದ ಕ್ಯಾಸೆಟ್ಟುಗಳೂ ಹೋದವು.

ಇವತ್ತು ನನ್ನ ಟ್ಯಾಕ್ಸಿಯಲ್ಲಿ ಒಬ್ಬ ಜರ್ಮನ್ ನಟ ಕೂತಿದ್ದ. ಉರಿಯುತ್ತಿರುವ ಎಣ್ಣೆಬಾವಿಗಳ ಸಾಕ್ಷ್ಯಚಿತ್ರಕ್ಕೆ ಸ್ವರ ಕೊಡಲು ಬಂದವನು. ಮೊದಲು ಸಿನಿಮಾ, ಆಮೇಲೆ ಟೀವಿ, ಈಗ ಬರೀ ಸ್ವರವಂತೆ. ಒಬ್ಬ ನಟ ಸತ್ತಾಗ ಉಳಿದರ್ಧ ಚಿತ್ರಕ್ಕೆ ಇವನೇ ಮಾತಾಡಿದನಂತೆ. ಸತ್ತವನ ಹೆಂಡತಿಗೂ ಗೊತ್ತಾಗಲಿಲ್ಲವಂತೆ.

“ಯಾರ ಸ್ವರವಾದರೂ ಸರಿ, ಒಮ್ಮೆ ಕೇಳಿಸು, ಹಾಗೆಯೇ ಮಾತಾಡುತ್ತೇನೆ” ಅಂದ.

ಕೇಳಿಸಲು ನನ್ನ ಹತ್ತಿರ ಏನುಂಟು? ಪ್ರತಿ ಕ್ಯಾಸೆಟ್ಟಿನ ಕೊನೆಗೆ ನೀನು ಕೇಳುತ್ತಿದ್ದುದನ್ನು ನಾನೇ ಹೇಳಿದೆ: “ಯಾವಾಗ ಬತ್ತೆ ಮಗಾ?”

ಅವನು ಕಣ್ಣು ಮುಚ್ಚಿ ಹಾಗೆಯೇ ಹೇಳಿದ. ಒಂದಕ್ಷರ ತಪ್ಪಲಿಲ್ಲ ಅಮ್ಮ. ಆದರೆ ಅದು ನನ್ನ ಸ್ವರ.